ಸರ್ವರ್ ಕೋಣೆಯ ತಪಾಸಣೆ

ರಾಯಚೂರಿನ ಆ ಕಚೇರಿಯಲ್ಲಿ ಎಸಿ ಇದ್ದದ್ದು ಸರ್ವರ್ ಕೋಣೆಗೆ ಮಾತ್ರ. ಮೇ ತಿಂಗಳು ಬಂತೆಂದರೆ ಊಟವಾದ ಮೇಲೆ ಒಬ್ಬೊಬ್ಬರಿಗೂ ಡೇಟಾದ ಮೇಲೆ ಎಲ್ಲಿಲ್ಲದ ಕಾಳಜಿ ಹುಟ್ಟಿ, ಸರ್ವರ್ ನೋಡಿಕೊಂಡು ಬರಲು ಹೋಗುತ್ತಿದ್ದರು. ಈಗ ಡೇಟಾಬೇಸೆಲ್ಲ ಕ್ಲೌಡಿಗೆ ಹೋಗಿಬಿಟ್ಟಿತ್ತು. ಹಳೇ ಸರ್ವರನ್ನೂ ಎಸಿಯನ್ನೂ ಕಿತ್ತು ಒಯ್ಯಲು ಹೆಡ್ಡಾಫೀಸಿನ ಸಾಹೇಬರು ನಡುಮಧ್ಯಾಹ್ನ ಬಂದಿಳಿದರು.

ಕಂಪ್ಯೂಟರ್ ವಿಭಾಗದ ಶಾಂಭವಿ ಸರ್ವರ್ ಕೋಣೆಯ ಬಾಗಿಲಿಗೆ ಅಡ್ಡ ಬಂದಳು. "ಸರ್, ನಾಳೆ ಕ್ಲೌಡ್ ಕೈಕೊಟ್ರ ನಮಗ ಇದೇ ಗತಿ ರೀ. ಇರ್ಲಿ ಬಿಡ್ರಿ."

"ಖಾಲಿ ಡಬ್ಬಿಗೆ ಎಸಿ ಯಾಕ್ರೀ? ನಾನೇ ನೋಡ್ತೀನಿ," ಎಂದು ಬೆವರು ಒರೆಸಿಕೊಳ್ಳುತ್ತ ಸಾಹೇಬರು ಒಬ್ಬರೇ ಒಳಹೋಗಿ ಬಾಗಿಲು ಹಾಕಿಕೊಂಡರು.

ಹೊರಗೆ ಸಿಬ್ಬಂದಿಯೆಲ್ಲ ಬಿಸಿಗಾಳಿ ಬೀಸುವ ಫ್ಯಾನಿನಡಿ ಕುಳಿತು ಮನೆದೇವರಿಗೆ ಹರಕೆ ಹೊತ್ತರು. ಸಾಹೇಬರಿಗೆಂದು ತರಿಸಿದ್ದ ಚಹಾ ಆರಿಹೋಯಿತು. ಬಾಗಿಲು ಮಾತ್ರ ತೆರೆಯಲಿಲ್ಲ.

"ಒಳಗ ಏನೇನು ಬಿಚ್ಚಾಕತ್ತಾರೋ, ಯವ್ವಾ!" ಎಂದು ಶಾಂಭವಿ ಚಡಪಡಿಸಿದಳು.

ಸಂಜೆ ಸಾಹೇಬರು ಹೊರಬಂದರು.

"ಭಾಳ ನಾಜೂಕು ಯಂತ್ರ ಐತಿ," ಎಂದರು ಗಂಭೀರವಾಗಿ. "ಎಸಿ ಒಟ್ಟ ಬಂದ್ ಮಾಡಬ್ಯಾಡ್ರಿ. ಮುಂದಿನ ವಾರ ನಾನೇ ಬಂದು ಮತ್ತೊಮ್ಮೆ ನೋಡ್ತೀನಿ."

ಅವರ ಬಲಗೆನ್ನೆಯ ಮೇಲೆ ಕೀಬೋರ್ಡಿನ ಗುಂಡಿಗಳ ಅಚ್ಚು ಸಾಲುಸಾಲಾಗಿ ಮೂಡಿತ್ತು.