ಸರಿ ರಕ್ತ

ನಾಲ್ಕನೇ ಸಂಖ್ಯೆಯ ರಕ್ತದ ಕೊಳವೆ ಡೇರಿಯಕ್ಕನ ಬೆರಳಿನಿಂದ ಜಾರಿ ಮೇಜಿನ ಮೇಲೆ ಉರುಳಿತು. ಪ್ಲಾಸ್ಟಿಕ್ಕಿನದು, ಒಡೆಯಲಿಲ್ಲ. ಆದರೆ ಕೋಣೆಯಲ್ಲಿದ್ದ ಮೂವರೂ ಅದನ್ನು ನೋಡಿದರು.

"ಹಾಲಿನ ಕ್ಯಾನಾಗಿದ್ರೆ ಜಾರ್ತಿರಲಿಲ್ಲ ಬಿಡಿ," ಅಂದ ಮಾತ್ರೆಯಣ್ಣ. ಯಾರೂ ನಗಲಿಲ್ಲ.

ಜೀವರಸಾಯನ ಮತ್ತು ತಳಿವಿಜ್ಞಾನದ ಆ ಪ್ರಯೋಗಾಲಯದಲ್ಲಿ ಯಾರಿಗೂ ತಾಯ್ತಂದೆ ಇಟ್ಟ ಹೆಸರು ಉಳಿದಿರಲಿಲ್ಲ. ಹಿಂದೆ ಮಾಡಿದ ಕೆಲಸವೇ ಹೆಸರಾಗಿತ್ತು. ಔಷಧದಂಗಡಿ ಬಿಟ್ಟು ಬಂದವನು ಮಾತ್ರೆಯಣ್ಣ. ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಸೂಜಿ ಹಿಡಿದವಳು ನರ್ಸಮ್ಮ. ಕಾಲೇಜಿನಲ್ಲಿ ಪಾಠ ಹೇಳಿ ಬಂದ ಮುಖ್ಯಸ್ಥರು ಮೇಷ್ಟ್ರು. ಡೇರಿಯಕ್ಕ ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಎಂದು ಹದಿನಾಲ್ಕು ವರ್ಷ ಪರೀಕ್ಷೆ ಮಾಡಿದವಳು. ಅವಳನ್ನು ಸಂಜೆ ತರಗತಿಯಲ್ಲಿ ಕಂಡು, ಬೈದು ಓದಿಸಿ, ಇಲ್ಲಿಯವರೆಗೆ ಕರೆತಂದವರು ಮೇಷ್ಟ್ರೇ.

ಅವರು ಬೆನ್ನುಹತ್ತಿದ್ದು ವಂಶದಲ್ಲಿ ಇಳಿದು ಬರುವ ಒಂದು ಕಾಯಿಲೆಯನ್ನು. ಐವತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೊದಲು ಬೆರಳಿನ ಹಿಡಿತ ಹೋಗುತ್ತದೆ, ಆಮೇಲೆ ನಡಿಗೆ, ಕೊನೆಗೆ ಮಾತು. ಔಷಧವಿಲ್ಲ. ರೋಗಿಗಳ ರಕ್ತದ ಪಕ್ಕದಲ್ಲಿಟ್ಟು ಹೋಲಿಸಲು ಆರೋಗ್ಯವಂತರ ರಕ್ತ ಬೇಕಲ್ಲ, ಅದಕ್ಕೆ ತಂಡದ ಒಂಬತ್ತು ಜನರೇ ತೋಳು ಚಾಚಿದ್ದರು. ಅದನ್ನು 'ಸರಿ ರಕ್ತ' ಎಂದು ಕರೆದರು. ಯಾವ ಸಂಖ್ಯೆ ಯಾರದು ಎಂದು ಡೇರಿಯಕ್ಕ ಬರೆದ ಪಟ್ಟಿ ಅವಳ ಬೀರುವಿನಲ್ಲಿ, ಅಂಟಿಸಿದ ಲಕೋಟೆಯಲ್ಲಿತ್ತು. ಅದನ್ನು ಬೇರೆ ಯಾರೂ ನೋಡುವಂತಿರಲಿಲ್ಲ.

ಪರೀಕ್ಷೆ ಮಾಡಿದಾಗ ಸರಿ ರಕ್ತದಲ್ಲಿ ಒಂದು ಗೆರೆ ಮೂಡಬೇಕು. ನಾಲ್ಕನೆಯ ಕೊಳವೆಯ ರಕ್ತದಲ್ಲಿ ಎರಡು ಮೂಡುತ್ತಿದ್ದವು, ರೋಗಿಗಳಲ್ಲಿ ಮೂಡುವ ಹಾಗೆಯೇ. ಡೇರಿಯಕ್ಕ ಹನ್ನೊಂದು ಸಲ ಮಾಡಿ ನೋಡಿದ್ದಳು. ಹನ್ನೊಂದು ಸಲವೂ ಎರಡೇ.

"ರಕ್ತ ಸರಿ ಇದೆ," ಅಂದರು ಮೇಷ್ಟ್ರು. "ಕೈ ಸರಿ ಇಲ್ಲ."

ಅವರನ್ನು ದೂರಿ ಫಲವಿಲ್ಲ. ಒಮ್ಮೆ ಸರಿ ಎಂದು ಹೆಸರಿಟ್ಟ ಮೇಲೆ ಅದು ತಪ್ಪಿರಬಹುದೆಂದು ಯಾರ ತಲೆಗೂ ಹೋಗಿರಲಿಲ್ಲ.

ಮೇಷ್ಟ್ರ ಎದುರು 'ತಂಡದ ಹಿನ್ನೆಲೆ' ಎಂಬ ಹಾಳೆಯಿತ್ತು. ಯಾರು ಎಲ್ಲಿಂದ ಬಂದವರು, ಏನು ಕಲಿತವರು, ಎಷ್ಟು ವರ್ಷದ ಅನುಭವ ಎಂದು ಒಂಬತ್ತು ಸಾಲು. ಸಂಜೆಯೊಳಗೆ ಅದು ಸಂಶೋಧನೆಯ ಪರಿಶೀಲಕರ ಕೈ ಸೇರಬೇಕಿತ್ತು.

"ಹನ್ನೊಂದು ಸಲ ತಪ್ಪಿದ್ದು ಯಾರ ಕೈ ಅಂತ ಅವರು ಕೇಳ್ತಾರೆ. ಡೇರಿಯಿಂದ ಬಂದವಳದು ಅಂತ ಹೇಳ್ಲಾ? ರೋಗಿಯ ರಕ್ತ ಇದಕ್ಕೆ ಬೆರೆಸಿಬಿಟ್ಟೆಯೇನಮ್ಮಾ? ಒಪ್ಪಿಕೊಂಡ್ರೆ ನಿನ್ನ ಸಾಲು ಹೊಡೆದುಹಾಕ್ತೀನಿ, ನೀನು ಹೊರಡಬಹುದು. ಇಲ್ಲ ಅಂತೀಯಾ, ಲಕೋಟೆ ಒಡೆದು ಆ ನಾಲ್ಕನೆಯವರನ್ನೇ ಕರೆಸಿ ಮತ್ತೆ ರಕ್ತ ತೆಗೆಸ್ತೀನಿ."

"ಸ್ವಲ್ಪ ಹೊತ್ತು ಕೊಡಿ ಸರ್."

"ಟೀ ಮುಗಿಯೋವರೆಗೆ."

ಅವಳು ಕೈತೊಳೆಯುವ ತೊಟ್ಟಿಯ ಬಳಿ ಹೋದಳು. ನರ್ಸಮ್ಮ ಹಿಂದೆಯೇ ಬಂದು ನಲ್ಲಿ ನಿಲ್ಲಿಸಿದಳು.

"ಅದು ನಿಂದೇ ಅಲ್ವೇನೇ?"

ಡೇರಿಯಕ್ಕ ಮತ್ತೆ ನಲ್ಲಿ ಬಿಟ್ಟಳು. "ಒಂಬತ್ತು ಜನಾನೂ 'ಏನೇ ಬಂದ್ರೂ ನನಗೆ ತಿಳಿಸಬೇಡಿ' ಅಂತ ರುಜು ಹಾಕಿದೀವಿ. ನೀನೂ ಹಾಕಿದೀಯ."

"ಹಾಕಿದೀನಿ. ಆದ್ರೆ ನಿನಗೆ ಗೊತ್ತಾಗಿಬಿಟ್ಟಿದೆಯಲ್ಲ."

"ಹ್ಞೂ. ಗೊತ್ತಾಗಿದೆ."

ನರ್ಸಮ್ಮ ಅವಳ ಒದ್ದೆ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು, ಹಸುಗೂಸಿನ ಬೆರಳು ಎಣಿಸುವ ಹಾಗೆ. ಡೇರಿಯಕ್ಕನಿಗೆ ನಲವತ್ತೊಂಬತ್ತು.

"ಕೊಳವೆ ಬಿಟ್ಟೆಯಲ್ಲ, ಆಗಲೇ ಅನ್ಕೊಂಡೆ. ಗುಂಡಿ ಹಾಕ್ಕೊಳ್ಳೋಕೆ ಆಗತ್ತಾ?"

"ಆಗತ್ತೆ. ನೀನು ಅಳಬೇಡ. ಕಾಯಿಲೆ ಇದೆ ಅಂತ ಹೇಳಿದ ದಿನ ರೋಗಿಗಳಿಗೆ ಏನಾಗತ್ತೆ ಅಂತ ನೀನೇ ಹೇಳ್ತಿದ್ಯಲ್ಲ."

"ಕಾಯಿಲೆ ಬರೋದಕ್ಕೆ ಮುಂಚೆ ಮುಖ ಸತ್ತುಹೋಗತ್ತೆ."

"ಅದಕ್ಕೇ."

ಒಳಗೆ ಮೇಷ್ಟ್ರ ಟೀ ಮುಗಿದಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಹೊರಗೆ ಚಳಿಯಿತ್ತು.

"ಹೌದು ಸರ್," ಅಂದಳು ಡೇರಿಯಕ್ಕ. "ಬೆರೆತುಹೋಯ್ತು. ನನ್ನಿಂದಲೇ."

ಮೇಷ್ಟ್ರು ಲೋಟವನ್ನು ಮೇಜಿನ ಮೇಲಿಟ್ಟರು. "ಬೆರಕೆ ಹಿಡಿಯೋದೇ ನಿನ್ನ ಕಸುಬಾಗಿತ್ತಲ್ಲಮ್ಮಾ," ಅಂದರು. ಬೈದಿದ್ದರೆ ವಾಸಿಯಿತ್ತು.

"ಒಂದೇ ಒಂದು ಕೇಳ್ಕೋತೀನಿ. ನಾಲ್ಕನೇದನ್ನ ಚೆಲ್ಲಿಬಿಡಿ. ಅವರನ್ನ ಕರೆದು ಮತ್ತೆ ರಕ್ತ ತೆಗೀಬೇಡಿ. ಉಳಿದ ಎಂಟು ಸಾಕು."

"ಸಾಕು."

ಅವರು ಪೆನ್ನಿನ ಮುಚ್ಚಳ ತೆಗೆಯಲು ನೋಡಿದರು, ಬರಲಿಲ್ಲ. ಮತ್ತೊಮ್ಮೆ ನೋಡಿದರು. ಮಾತ್ರೆಯಣ್ಣ ತೆಗೆದುಕೊಟ್ಟ. ಅವಳ ಸಾಲಿನ ಮೇಲೆ ಎಳೆದ ಗೆರೆ ಅಂಕುಡೊಂಕಾಗಿ ಕೆಳಗಿನ ಸಾಲಿಗೂ ತಾಗಿತು. ಮೇಷ್ಟ್ರಿಗೆ ಇಷ್ಟು ಸಿಟ್ಟು ಬಂದದ್ದನ್ನು ಎಂದೂ ಕಂಡಿರಲಿಲ್ಲ ಎಂದುಕೊಂಡ ಮಾತ್ರೆಯಣ್ಣ.

"ಇಪ್ಪತ್ತೆರಡು ವರ್ಷ ಪಾಠ ಹೇಳಿದೀನಿ," ಅಂದರು ಮೇಷ್ಟ್ರು, ಯಾರ ಮುಖವನ್ನೂ ನೋಡದೆ. "ನಿನ್ನಂಥವಳು ಒಬ್ಬಳೇ ಸಿಕ್ಕಿದ್ದಳು ಅಂತ ಎಲ್ಲರ ಹತ್ತಿರ ಹೇಳ್ಕೊಂಡು ತಿರುಗ್ತಿದ್ದೆ."

ಅವಳು ತಲೆಬಾಗಿಸಿ ಹೊರಗೆ ಬಂದಳು. ಬಿಳಿ ಕೋಟು ಕಳಚಿ ಮಡಿಸಿಟ್ಟಳು. ಬೀರುವಿನಿಂದ ಲಕೋಟೆ ತೆಗೆದು, ಹರಿದು, ಒಳಗಿನ ಹಾಳೆಯನ್ನು ಬ್ಲೀಚಿನ ತೊಟ್ಟಿಗೆ ಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ನರ್ಸಮ್ಮ ಸೆರಗು ಬಾಯಿಗೊತ್ತಿಕೊಂಡು ಆಚೆ ತಿರುಗಿದಳು. ಗೆಳತಿ ತನ್ನ ಪಾಲಿನ ಸುದ್ದಿಯನ್ನು ತಾನೇ ಅಳಿಸುತ್ತಿರುವುದನ್ನು ಅವಳಿಂದ ನೋಡಲಾಗಲಿಲ್ಲ.

ಶಾಯಿ ಮೇಲಿನಿಂದ ಒಂದೊಂದೇ ಸಾಲು ಮಾಸುತ್ತ ಬಂತು. ಒಂದು, ನರ್ಸಮ್ಮ. ಎರಡು, ಡೇರಿಯಕ್ಕ. ಮೂರು, ಮಾತ್ರೆಯಣ್ಣ.

ನಾಲ್ಕು, ಮೇಷ್ಟ್ರು.