ವಾರಿಜಾ ಮೇಡಂಗೆ ಸ್ವಾಗತ

ಮೊಬೈಲ್ ನಂಬರ್ ಬದಲಾಯಿಸಿದ ತಪ್ಪಿಗೆ ವಾರಿಜಾ ಡೇರಿಯ ಗ್ರೂಪಿನಿಂದ ಹೊರಬಿದ್ದಿದ್ದಳು. ಕೆಲಸದ ಹೊತ್ತಿನಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್ ಇರಲೇಬೇಕು. ಗ್ರೂಪಿನಲ್ಲಿ ಇಲ್ಲದವರು ಎದುರಿಗೇ ನಿಂತು ಕೂಗಿದರೂ ಆ ದನಿಯನ್ನು ಅದು ಒಳಗೆ ಬಿಡುವುದಿಲ್ಲ. ಮತ್ತೆ ಸೇರಿಸಬೇಕಾದ ಅಡ್ಮಿನ್ ಚಿದಾನಂದಪ್ಪ ಮೀಟಿಂಗಿನಲ್ಲಿದ್ದರು. ಹೀಗೆ ಒಂದು ದಿನ ಮೂಕರಾಗಿ ಕಳೆಯುವುದು ಅಲ್ಲಿ ಯಾರಿಗೂ ಹೊಸದಲ್ಲ.

ಆದರೆ ಅವಳು ಆಗಷ್ಟೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ ಹಾಲಿನಲ್ಲಿ ಯಂತ್ರ ತೊಳೆಯುವ ಕಾಸ್ಟಿಕ್ ಸೋಡಾ ಬೆರೆತಿತ್ತು. ಅದು ಶಾಲೆಗಳಿಗೆ ಹೋಗುವ ಹಾಲು.

"ಲೋಡ್ ಮಾಡ್ಬೇಡ್ರೋ!" ಎಂದು ಅಂಗಳಕ್ಕೆ ಓಡಿ ಕಿರುಚಿದಳು. ಲಾರಿಗೆ ಕ್ಯಾನ್ ಎತ್ತುತ್ತಿದ್ದವರು ಅವಳ ಬಾಯಿ ನೋಡಿ, ಪಾಪ ಎನ್ನುವಂತೆ ನಕ್ಕರು.

ಜೊತೆಗೆ ಕೆಲಸ ಮಾಡುವ ನೇತ್ರಾವತಿಯ ಮುಂದೆ ಚೀಟಿ ಬರೆದು ಹಿಡಿದಳು. ನೇತ್ರಾವತಿ ಅದನ್ನು ಎರಡು ಸಲ ಓದಿದಳು. ಬೆರಳು ಮೊಬೈಲಿನ ತನಕ ಹೋಗಿ ನಿಂತಿತು. ಹೊರಗಿನವರ ಮಾತನ್ನು ಗ್ರೂಪಿಗೆ ಹಾಕಿದವರನ್ನೂ ಹೊರಗೆ ಹಾಕುತ್ತಾರೆ.

"ಬೇಡ ಕಣೇ, ನನ್ನನ್ನೂ ತೆಗೆದುಬಿಡ್ತಾರೆ," ಎಂದು ಚೀಟಿ ಮಡಚಿ ವಾಪಸ್ ಕೊಟ್ಟಳು.

ವಾರಿಜಾ ಹೋಗಿ ಲಾರಿಗೆ ಅಡ್ಡ ನಿಂತಳು. ವಾಚ್‌ಮನ್ ಅವಳ ಕೈ ಹಿಡಿದು, ಮರ್ಯಾದೆಯಿಂದಲೇ, ಬದಿಗೆ ಸರಿಸಿದ. ಲಾರಿ ಶಾಲೆಗಳತ್ತ ಹೊರಟಿತು.

ಶಾಲೆ ಬಿಡುವ ಹೊತ್ತಿಗೆ ಚಿದಾನಂದಪ್ಪ ಅವಳನ್ನು ಗ್ರೂಪಿಗೆ ಸೇರಿಸಿದರು. 'ವಾರಿಜಾ ಮೇಡಂಗೆ ಸ್ವಾಗತ' ಎಂದು ಗುಲಾಬಿಗಳು ಸಾಲುಸಾಲಾಗಿ ಬಂದವು. ಅವುಗಳ ಕೆಳಗೆ ಅವಳು ಹಾಲಿನ ಸುದ್ದಿ ಹಾಕಿದಳು.

"ಇಷ್ಟು ದೊಡ್ಡ ವಿಷ್ಯ, ಬೆಳಿಗ್ಗೇನೇ ಹೇಳ್ಬಾರ್ದಿತ್ತಾ ಮೇಡಂ?" ಎಂದು ಚಿದಾನಂದಪ್ಪ ಬರೆದರು.

ಆ ಪ್ರಶ್ನೆಗೆ ಮೊದಲ ಲೈಕ್ ಒತ್ತಿದವಳು ನೇತ್ರಾವತಿ.