ಓಯ್ನಿಸಾ ಅಜ್ಜಿಯ ಚಿಲುಮೆಗಳು

"ಇದೇನಜ್ಜಿ?"

ಗಡಿ ಠಾಣೆಯ ಸುಂಕದ ಅಧಿಕಾರಿ ವದಿಮ್ ಬಿಳಿ ಬಟ್ಟೆಯ ಗಂಟನ್ನು ಬಿಚ್ಚಿ ಮೇಜಿನ ಮೇಲೆ ಸುರಿದ. ಗೇಣುದ್ದದ ಮರದ ಕೊಳವೆಗಳು, ಒಂದೊಂದರ ತುದಿಗೂ ಬಾಗಿದ ಪುಟ್ಟ ಬಟ್ಟಲು. ಚಿಲುಮೆಗಳೇ, ಅನುಮಾನವಿಲ್ಲ.

ಓಯ್ನಿಸಾ ಅಜ್ಜಿಯ ಮುಖ ಕೆಂಪಗಾಯಿತು. ತಲೆವಸ್ತ್ರದ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಮನೆಬಳಕೇದು ಕಣಪ್ಪಾ. ಹಳೇದು."

ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿತ್ತು. ಅಜ್ಜಿ ತಾಷ್ಕೆಂಟಿನ ಕಡೆಯ ಮನೆ ಖಾಲಿ ಮಾಡಿ, ಗಡಿಯಾಚೆಗಿನ ಕಜಾಕ್ ಊರಿಗೆ, ಮಗಳ ಮನೆಗೆ ಹೊರಟಿದ್ದಳು. ಹಿಪ್ಪುನೇರಳೆ ಮರದ ಬಟ್ಟಲು, ಸೌಟುಗಳನ್ನು ವದಿಮ್ ಸುಂಕದ ಪಟ್ಟಿಯಲ್ಲಿ ಅಡುಗೆ ಸಾಮಾನಿಗೆ ಸೇರಿಸಿದ. ಪೆಟ್ಟಿಗೆ ಪೀಠೋಪಕರಣಕ್ಕೆ ಹೋಯಿತು. ಬಿಡಿಸಿ ಕಟ್ಟಿದ್ದ ಹಲಗೆ, ಕಂಬಿಗಳ ಹೊರೆಯನ್ನು ಕೇಳಿದ್ದಕ್ಕೆ "ಮಲಗೋಕೆ" ಎಂದಿದ್ದಳು. ಮಂಚವಿರಬೇಕೆಂದು ಅದನ್ನೂ ಅಲ್ಲಿಗೇ ಸೇರಿಸಿದ. ಬಳಸಿದ ಸಾಮಾನಿಗೆ ಸುಂಕವಿಲ್ಲ. ಆದರೆ ಚಿಲುಮೆಯ ಬಾಬತ್ತೇ ಬೇರೆ. ಅದರಲ್ಲಿ ಸೇದಿದ್ದು ತಂಬಾಕಲ್ಲದಿದ್ದರೆ ಸೀದಾ ಜೈಲು.

ವದಿಮ್ ಮೈಯೆಲ್ಲ ಕಣ್ಣಾದ. ಉತ್ತರದ ಠಾಣೆಯಲ್ಲಿ ಅವನ ಮೂಗಿನಡಿಯಲ್ಲೇ ಅಫೀಮಿನ ಲಾರಿ ದಾಟಿಹೋಗಿತ್ತು. ಅದಕ್ಕೇ ಅವನನ್ನು ಈ ದಕ್ಷಿಣದ ಮೂಲೆಗೆ ಎತ್ತಿ ಹಾಕಿದ್ದರು. ಇನ್ನೊಂದು ಸಲ ಎಡವಿದರೆ ಸಮವಸ್ತ್ರ ಕಳಚಿಟ್ಟು ಮನೆಗೆ ನಡೆಯಬೇಕಿತ್ತು.

"ಯಾರು ಬಳಸಿದ್ದು?"

"ನನ್ನ ಮಕ್ಕಳು. ಆಮೇಲೆ ಮೊಮ್ಮಕ್ಕಳು."

"ಮಕ್ಕಳಾ? ಎಷ್ಟು ವಯಸ್ಸಿಗೆ ಶುರು ಮಾಡಿಸ್ತೀರಿ?"

"ನಲವತ್ತು ದಿನ ತುಂಬಿದ ಮೇಲೆ."

ವದಿಮ್ ದಂಗಾಗಿ ನಿಂತ. ಅಳುವ ಕೂಸಿಗೆ ಅಫೀಮು ತಿನ್ನಿಸಿ ಮಲಗಿಸುತ್ತಿದ್ದ ಹಳೆಯ ಕಾಲದ ಸುದ್ದಿ ಕೇಳಿದ್ದ. ಹೊಗೆಯನ್ನೇ ಕುಡಿಸುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

"ಹೆಣ್ಣುಮಕ್ಕಳಿಗೂನಾ?"

"ಅವ್ರಿಗೆ ಬೇರೆ ಥರದ್ದು. ಇಗೋ, ಇದು."

"ನಾಚಿಕೆ ಆಗಲ್ವಾ ಅಜ್ಜಿ ನಿಮಗೆ?"

"ಆಗುತ್ತಪ್ಪಾ! ಗಂಡಸ್ರ ಮುಂದೆ ಇದನ್ನೆಲ್ಲ ಬಿಡಿಸಿ ಹೇಳೋಕೆ ಆಗುತ್ತಾ? ಮಗಳು ಹೆರೋಕೆ ಕೂತಿದ್ದಾಳೆ, ಬಿಟ್ಬಿಡು ಮಗಾ."

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ವದಿಮ್ ಆಗಲೇ ಮೇಲಧಿಕಾರಿ ಯೆರ್ಮೆಕ್‌ಗೆ ಫೋನು ತಿರುಗಿಸಿದ್ದ. ಅವರು ಬರುವಷ್ಟರಲ್ಲಿ ಸಾಕ್ಷಿ ಕೈಯಲ್ಲಿರಬೇಕು. ಎಲ್ಲಕ್ಕಿಂತ ಹಳೆಯ ಚಿಲುಮೆಯನ್ನು ಆರಿಸಿ ಮೂಸಿದ. ಒಳಗೆ ಮಸುಕು ಕಲೆ, ಮೂಗಿಗೆ ಹೊಡೆಯುವ ಘಾಟು. ತಂಬಾಕಂತೂ ಅಲ್ಲ.

"ಬೇಡಪ್ಪಾ, ಬಾಯಿಗೆ ಮಾತ್ರ..." ಅಜ್ಜಿ ಕೈ ಚಾಚಿದಳು.

"ಹಿಂದೆ ಸರೀರಿ!" ಎಂದು ಗದರಿದ. ಕಳ್ಳರು ಇಂಥ ಹೊತ್ತಿನಲ್ಲೇ ಹೆದರುವುದು. ಕೊಳವೆಯನ್ನು ಹಲ್ಲಲ್ಲಿ ಕಚ್ಚಿ ಬಲವಾಗಿ ಎಳೆದ. ಸಾಲದೆಂದು ಬಟ್ಟಲಿನೊಳಗೂ ನಾಲಗೆ ಆಡಿಸಿದ. ಉಪ್ಪುಪ್ಪು, ಹಿಂದೆಯೇ ಕಹಿ. ಅಜ್ಜಿ ಕಣ್ಣು ಮುಚ್ಚಿಕೊಂಡಳು.

ಯೆರ್ಮೆಕ್ ಒಳಗೆ ಬಂದಾಗ ವದಿಮ್ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ.

"ಸಿಕ್ಕಿಬಿದ್ದಿದ್ದಾಳೆ ಸರ್! ನಾನೇ ರುಚಿ ನೋಡಿದ್ದೀನಿ. ಚೆನ್ನಾಗಿ ಬಳಸಿರೋದೇ, ಒಳಗೆಲ್ಲ ಸಾರ ಕೂತಿದೆ."

ಯೆರ್ಮೆಕ್ ಚಿಲುಮೆಯನ್ನು ನೋಡಿದರು. ಹಲಗೆಗಳ ಹೊರೆಯನ್ನು ನೋಡಿದರು. ಅಜ್ಜಿಯತ್ತ ತಿರುಗಿ, ಹೆತ್ತ ತಾಯಿಯ ಮುಂದೆ ಬಗ್ಗುವ ಹಾಗೆ ಬಗ್ಗಿ, ಎಲ್ಲವನ್ನೂ ಮತ್ತೆ ಬಿಳಿ ಬಟ್ಟೆಯಲ್ಲಿ ಕಟ್ಟಿ ಅವಳ ಕೈಗಿಟ್ಟರು.

"ಹೋಗಿ ಬನ್ನಿ ತಾಯಿ. ಸುಖವಾಗಿ ಹೆರಿಗೆ ಆಗ್ಲಿ."

ಅಜ್ಜಿ ಬಾಗಿಲು ದಾಟುವವರೆಗೂ ಅವರು ತುಟಿ ಬಿಗಿಹಿಡಿದು ನಿಂತಿದ್ದರು.

"ಸರ್, ಬಿಟ್ಟುಬಿಟ್ರಾ? ಅದರಲ್ಲಿದ್ದಿದ್ದು ಏನು ಅಂತ..."

"ಮೊದಲು ಬಾಯಿ ಮುಕ್ಕಳಿಸು ವದಿಮ್. ಆ ಹೊರೆ ತೊಟ್ಟಿಲು ಕಣಯ್ಯ. ನಮ್ಮ ಕಡೆ ಕೂಸನ್ನ ಅದರಲ್ಲಿ ಕಟ್ಟಿ ಮಲಗಿಸಿದ ಮೇಲೆ, ಉಚ್ಚೆ ಹೊರಗೆ ಹರಿಯೋಕೆ ತೊಡೆ ಸಂದಿಗೆ ಇಡೋದು ಆ ಕೊಳವೇನೇ."